ಹಲಗೆಗೆ ಬಾರದ ಮೀನು

ಪೆಟ್ಟಿಗೆ ಮುಚ್ಚುವ ಮೊದಲು ಯೊಶಿನೊ ಒಳಕೋಣೆಗೆ ಹೋಗಿ ಗಂಡನ ಗಾಳದ ಕೋಲನ್ನು ಎತ್ತಿಕೊಂಡು ಬಂದರು. ಎಳೆದು ಬಿಚ್ಚಿದರೆ ಒಂಬತ್ತು ಮೀಟರ್ ಆಗುವ ಕೋಲು, ಒಂದರೊಳಗೊಂದು ಸೇರಿಸಿ ನೀಲಿ ಬಟ್ಟೆಯ ಚೀಲದಲ್ಲಿ ಹಾಕಿಟ್ಟಿದ್ದರು. ಅದನ್ನು ಪೆಟ್ಟಿಗೆಯಲ್ಲಿ ಮಲಗಿದ್ದ ಗಂಡ ತೊಮೆಕಿಚಿಯವರ ಎಡಗಡೆ, ಸೇವಂತಿಗೆ ಹೂಗಳ ನಡುವೆ ಇಡಲು ಬಗ್ಗಿದಾಗ ಶವಸಂಸ್ಕಾರದ ಕಂಪನಿಯಿಂದ ಬಂದಿದ್ದ ಬಿಳಿ ಕೈಗವಸಿನ ಮನುಷ್ಯ ಮೆಲ್ಲಗೆ ಕೈ ಅಡ್ಡ ಹಿಡಿದ.

"ತಪ್ಪು ತಿಳ್ಕೋಬೇಡಿ ಅಮ್ಮ. ಇದು ಕಾರ್ಬನ್ನು ಅಲ್ವಾ?"

"ಇದು ನಮ್ಮನೆಯವರ ಕೋಲು."

"ಹೌದಮ್ಮ, ಆದ್ರೆ ಕಾರ್ಬನ್ನು ಹಾಕಿದ್ರೆ ಸುಡೋ ಯಂತ್ರ ಕೆಟ್ಟು ನಿಲ್ಲುತ್ತೆ. ಸುಡೋ ಮನೆಯವರು ಬಿಡೋದೇ ಇಲ್ಲ. ಬಿದಿರಿಂದಾಗಿದ್ರೆ ಇಡಬಹುದಿತ್ತು."

"ಬಿದಿರಿಂದು ಆ ವರ್ಷದ ನೆರೆಯಲ್ಲಿ ಹೋಯ್ತಲ್ಲಪ್ಪ" ಎಂದು ಯೊಶಿನೊ ಅದೇನೋ ಅವನಿಗೂ ಗೊತ್ತಿರಬೇಕಾದ ವಿಷಯ ಎನ್ನುವಂತೆ ಹೇಳಿದರು. ಕೋಲನ್ನು ಗೋಡೆಗೆ ಒರಗಿಸಿ ಹೋಗಿ ನೀರಿಗಿಳಿಯುವ ಬೂಟು ತಂದರು. ಅದು ರಬ್ಬರು, ಆಗುವುದಿಲ್ಲ. ಕೈಬಲೆ ತಂದರು. ಅದರ ಹಿಡಿ ಪ್ಲಾಸ್ಟಿಕ್ಕು, ಆಗುವುದಿಲ್ಲ. ಗಾಳದ ಕೊಕ್ಕೆಗಳ ಡಬ್ಬಿಯನ್ನು ಅವನು ಮುಟ್ಟಲೂ ಬಿಡಲಿಲ್ಲ. ಕೊನೆಗೆ ಯೊಶಿನೊ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಹಾಗಾದ್ರೆ ಏನಪ್ಪಾ ಇಡಬಹುದು ನಿಮ್ಮ ಯಂತ್ರಕ್ಕೆ?"

"ಹೂವು, ಬಟ್ಟೆ, ಕಾಗದ... ಉರಿದು ಬೂದಿಯಾಗೋದು ಏನಾದ್ರೂ."

ಕಾಗದ ಎಂದ ಕೂಡಲೇ ಯೊಶಿನೊ ತಿರುಗಿ ನನ್ನ ಮುಖ ನೋಡಿದರು.

"ಸುಮಿಸಾನ್, ನಿಮ್ಮ ಗೋಡೆ ಮೇಲಿದೆಯಲ್ಲ, ಅಂಥದ್ದೊಂದು ಕಾಗದ ಮಾಡಿಕೊಡಿ. ಇವರ ಹೆಸರಲ್ಲಿ."

ಮನೆ ತುಂಬ ಇದ್ದ ಜನ ನನ್ನ ಬಾಯಿಯನ್ನೇ ನೋಡತೊಡಗಿದರು. ಪೂಜೆ ಮುಗಿಸಿ ಚಹಾ ಕುಡಿಯುತ್ತಿದ್ದ ಪುರೋಹಿತರು ಕೂಡ ಬಟ್ಟಲನ್ನು ಕೆಳಗಿಟ್ಟರು. ಕುರುಸೆ ಹೊಳೆಯ ಈ ಕಣಿವೆಯಲ್ಲಿ ನನ್ನ ಗೋಡೆಯ ಕಾಗದ ಏನೆಂದು ಗೊತ್ತಿಲ್ಲದವರಿಲ್ಲ. ಅದರ ಮೇಲೆ ತೊಮೆಕಿಚಿಯವರ ಹೆಸರಿಲ್ಲ ಎನ್ನುವುದು ಗೊತ್ತಿಲ್ಲದವರೂ ಇಲ್ಲ.

ಸೇತುವೆಯ ಈ ತುದಿಯಲ್ಲಿ ನನ್ನ ಅಂಗಡಿ. ಅಪ್ಪನ ಕಾಲದ್ದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಯು ಮೀನು ಹಿಡಿಯುವವರಿಗೆ ಜೀವಂತ ಅಯು ಮೀನು ಮಾರುವುದು ನಮ್ಮ ಕಸುಬು. ಕೇಳಿದ ಹೊರಗಿನವರು ನಗುತ್ತಾರೆ, ಮೀನು ಹಿಡಿಯಲು ಹೊರಟವನು ಮೀನು ಕೊಂಡು ಹೋಗುವುದು ಎಂಥದ್ದು ಎಂದು. ಅಯು ಮೀನಿಗೆ ಎರೆಹುಳ ಬೇಡ. ಅದು ಕಲ್ಲಿನ ಮೇಲಿನ ಪಾಚಿ ತಿಂದು ಬದುಕುವಂಥದ್ದು. ಒಂದೊಂದು ಮೀನಿಗೆ ಒಂದೊಂದು ಕಲ್ಲು. ತನ್ನ ಕಲ್ಲಿನ ಹತ್ತಿರ ಇನ್ನೊಂದು ಸುಳಿದರೆ ಬದುವಿನ ಜಗಳಕ್ಕೆ ನಿಂತ ದಾಯಾದಿಯ ಹಾಗೆ ನುಗ್ಗಿ ಗುದ್ದುತ್ತದೆ. ಅದಕ್ಕೇ ನಾವು ಜೀವಂತ ಮೀನೊಂದಕ್ಕೆ ಎತ್ತಿಗೆ ಮೂಗುದಾರ ಹಾಕಿದಂತೆ ಮೂಗುಬಳೆ ಹಾಕಿ, ಅದರ ಬಾಲದ ಹಿಂದೆ ಕೊಕ್ಕೆ ಬಿಟ್ಟು, ಆ ಕಲ್ಲಿನ ಹತ್ತಿರ ಓಡಾಡಿಸುತ್ತೇವೆ. ಗುದ್ದಲು ಬಂದದ್ದು ಕೊಕ್ಕೆಗೆ ಬೀಳುತ್ತದೆ. ಓಡಾಡಿಸುವ ಮೀನಿಗೆ ಕೆಣಕುಮೀನು ಎನ್ನುತ್ತೇವೆ. ಬೆಳಿಗ್ಗೆ ಎರಡು ಕೆಣಕುಮೀನು ಒಯ್ದರೆ ಸಾಕು. ಆಮೇಲೆ ಹಿಡಿದದ್ದಕ್ಕೇ ಮೂಗುಬಳೆ ಹಾಕಿ ಬಿಡುವುದು, ಸುಸ್ತಾದದ್ದನ್ನು ಡಬ್ಬಿಗೆ ಹಾಕುವುದು. ಹೊಸದಾಗಿ ಸಿಕ್ಕಿದ ಮೀನಿಗೆ ಕಸುವು ಹೆಚ್ಚು. ಕೈ ನೀರಿನೊಳಗೇ ಇಟ್ಟುಕೊಂಡು, ಮೀನಿಗೆ ಬಿಸಿ ತಾಗದಂತೆ, ಹತ್ತು ಎಣಿಸುವುದರೊಳಗೆ ಈ ಬದಲಾವಣೆ ಮುಗಿಯಬೇಕು. ತೊಮೆಕಿಚಿಯವರು ಏಳು ಎಣಿಸುವುದರೊಳಗೆ ಮುಗಿಸುತ್ತಿದ್ದರು. ಕಣ್ಣು ನೀರಿನ ಮೇಲೆ, ಕೈ ತನ್ನ ಪಾಡಿಗೆ ತಾನು.

ಇನ್ನು ಗೋಡೆಯ ವಿಷಯ. ಒಂದು ಶಾಕು ಉದ್ದದ ಅಯು ಹಿಡಿದವನು ಅದನ್ನು ನನ್ನ ಅಂಗಡಿಗೆ ತಂದು ಹಲಗೆಯ ಮೇಲೆ ಮಲಗಿಸಬೇಕು. ನಾನು ಅಳೆಯುತ್ತೇನೆ. ಒಂದು ಶಾಕು ಎಂದರೆ ಮೂವತ್ತು ಸೆಂಟಿಮೀಟರಿನ ಮೇಲೆ ಮೂರು ಮಿಲ್ಲಿಮೀಟರ್. ಇದ್ದರೆ ಮೀನಿನ ಮೈಗೆ ಶಾಯಿ ಬಳಿದು, ತೆಳು ಕಾಗದ ಒತ್ತಿ ಅಚ್ಚು ತೆಗೆದು, ಹಿಡಿದವನ ಹೆಸರು, ದಿನ, ಅಳತೆ ಬರೆದು ಅಪ್ಪನ ಕೆಂಪು ಮುದ್ರೆ ಒತ್ತಿ ಗೋಡೆಗೆ ಹಾಕುತ್ತೇನೆ. ಮೀನು ಹಲಗೆಗೆ ಬರಬೇಕು, ಇಲ್ಲವೇ ಹಲಗೆಯಲ್ಲಿ ಅಳೆಯುವವರು ಆ ಮೀನನ್ನು ಹೊಳೆಯಲ್ಲಿ ಕಣ್ಣಾರೆ ಕಂಡಿರಬೇಕು. ಇದು ಅಪ್ಪ ಮಾಡಿದ ಕಟ್ಟಳೆ. ಅರವತ್ತು ವರ್ಷಕ್ಕೆ ನಲವತ್ತೊಂದು ಕಾಗದ ಆಗಿವೆ. ಅದರಲ್ಲಿ ಐದು ಕುರಮೊಚಿಯವು. ಅವನು ನನ್ನ ಜೊತೆ ಪ್ರಾಥಮಿಕ ಶಾಲೆಯಲ್ಲಿ ಓದಿದವನು, ಅಂಚೆ ಹಂಚುತ್ತಿದ್ದು ನಿವೃತ್ತನಾದವನು. ಆ ಐದನ್ನು ಬಂದವರಿಗೆ ಹೋದವರಿಗೆ ತೋರಿಸುವುದೇ ಅವನಿಗೆ ಈಗ ಉದ್ಯೋಗ.

ಹೀಗಿರುವಾಗ ಯೊಶಿನೊ ಕೇಳಿದ ಕಾಗದ ಕೊಟ್ಟರೆ ಅಪ್ಪನ ಮುದ್ರೆ ಸುಳ್ಳಿನ ಮೇಲೆ ಬೀಳುತ್ತದೆ. ಕೊಡದಿದ್ದರೆ ಐವತ್ತೆಂಟು ವರ್ಷ ಆ ಹೊಳೆಯಲ್ಲಿ ಸೊಂಟದವರೆಗೆ ನಿಂತ ಮನುಷ್ಯ ಹೊಳೆಯದ್ದು ಎನ್ನುವ ಒಂದು ಚೂರೂ ಇಲ್ಲದೆ ಬೆಂಕಿಗೆ ಹೋಗುತ್ತಾರೆ. ಗಂಟೆ ಒಂಬತ್ತೂವರೆ ಆಗಿತ್ತು. ಹನ್ನೊಂದಕ್ಕೆ ಸುಡುವ ಮನೆಯಲ್ಲಿ ನಮ್ಮ ಸರದಿ.

ಅವರು ಎಂಥ ಮನುಷ್ಯ ಎಂದು ಹೇಳದಿದ್ದರೆ ನನ್ನ ಇಕ್ಕಟ್ಟು ನಿಮಗೆ ಅರ್ಥವಾಗದು.

ಕಜಿತಾನಿ ತೊಮೆಕಿಚಿ ನೆಲಕ್ಕೆ ಹಾಸುವ ತತಾಮಿ ಚಾಪೆ ಹೊಲಿಯುವವರು. ಈ ಕಣಿವೆಯಲ್ಲಿ ನೀವು ಯಾವ ಮನೆಯಲ್ಲಿ ಕಾಲು ಚಾಚಿದರೂ ಕೆಳಗೆ ಅವರ ಚಾಪೆ ಇರುತ್ತದೆ. ಒಳ್ಳೆಯ ಕೆಲಸಗಾರ, ಆದರೆ ಜೂನ್ ಬಂತೆಂದರೆ ಸೂಜಿ ಮುಟ್ಟುತ್ತಿರಲಿಲ್ಲ. ಒಮ್ಮೆ ದೇವಾಲಯದ ಹಜಾರದಲ್ಲಿ ಚಾಪೆ ಹರಿದು ಪುರೋಹಿತರ ಕಾಲು ಸಿಕ್ಕಿಕೊಂಡಿತು. ಅವರೇ ಬಂದು ಕೇಳಿದರು. "ನವೆಂಬರ್‌ವರೆಗೂ ಅದರ ಮೇಲೊಂದು ಮೇಜು ಇಟ್ಕೊಳ್ಳಿ ಸ್ವಾಮಿ" ಎಂದು ಇವರು ಬೂಟು ಏರಿಸಿಕೊಂಡು ಹೊರಟೇಬಿಟ್ಟರು. ಮಗಳ ಮದುವೆಯನ್ನು ಜನವರಿಗೆ ಇಟ್ಟುಕೊಂಡರು, ಹಿಮ ಮೊಣಕಾಲುದ್ದ ಇತ್ತು, ಬೀಗರು ಬೈದುಕೊಂಡೇ ಊಟ ಮಾಡಿದರು. ಮೀನಿನ ಕಾಲದಲ್ಲಿ ಆ ಮನೆಯಲ್ಲಿ ಯಾರೂ ಮದುವೆಯಾಗುವ ಹಾಗಿಲ್ಲ, ಹುಟ್ಟುವ ಹಾಗಿಲ್ಲ, ಸಾಯುವ ಹಾಗಿಲ್ಲ ಎಂದು ಯೊಶಿನೊ ಹೇಳುತ್ತಿದ್ದರು. ತೊಮೆಕಿಚಿಯವರು ಸತ್ತದ್ದು ನವೆಂಬರ್ ಏಳಕ್ಕೆ, ಹೊಳೆ ಮುಚ್ಚಿ ಒಂದು ವಾರ ಆದ ಮೇಲೆ. ಮಾತಿಗೆ ತಪ್ಪಲಿಲ್ಲ.

ದಿನಾ ಬೆಳಿಗ್ಗೆ ಆರಕ್ಕೆ ಅಂಗಡಿಗೆ ಬರುತ್ತಿದ್ದರು. ತೊಟ್ಟಿಯ ಮೇಲೆ ಬಗ್ಗಿ ಎರಡು ಮೀನು ಆರಿಸಿಕೊಳ್ಳಲು ಕಾಲು ಗಂಟೆ. ನನಗೆ ರೇಗುತ್ತಿತ್ತು.

"ಹೆಣ್ಣು ನೋಡೋಕೆ ಬಂದವರು ಕೂಡ ಇಷ್ಟು ಹೊತ್ತು ನೋಡಲ್ಲ ತೊಮೆಸಾನ್. ತಗೊಂಡು ಹೋಗಿ."

"ಸುಮಿ, ಈ ಮೀನು ರಾತ್ರಿ ನಿದ್ದೆ ಮಾಡಿಲ್ಲ. ನೋಡು ಬಾಲದ ಅಂಚು."

"ನಿಮ್ಮ ಹೆಂಡ್ತಿ ನಿದ್ದೆ ಮಾಡಿದ್ಲಾ ಅಂತ ಯಾವತ್ತಾದ್ರೂ ನೋಡಿದ್ದೀರಾ?"

ಅದಕ್ಕೆ ಅವರು ಮತ್ತೆ ತೊಟ್ಟಿಗೆ ಬಗ್ಗುತ್ತಿದ್ದರು. ಸಂಜೆ ಉಳಿದ ಮೀನು ತಂದು ನನ್ನ ತೊಟ್ಟಿಗೆ ಬಿಡುವಾಗ ನಾನು ಕೇಳುತ್ತಿದ್ದೆ, "ಅಳಿಯ ಬಂದನಾ?" ಒಂದು ಶಾಕಿನ ಮೀನಿಗೆ ನಾನಿಟ್ಟ ಹೆಸರು ಅದು. "ಇಲ್ಲ, ಮುಹೂರ್ತ ಕೂಡಿ ಬಂದಿಲ್ಲ" ಎನ್ನುತ್ತಿದ್ದರು. ನಲವತ್ತು ವರ್ಷ ಇದೇ ಮಾತು. ದಿನಕ್ಕೆ ಇಪ್ಪತ್ತು ಮೂವತ್ತು ಮೀನು ಹಿಡಿಯುವ ಕೈ ಅದು, ಹೊಳೆಯ ಒಂದೊಂದು ಕಲ್ಲೂ ಗೊತ್ತು. ಆದರೂ ಮೀನಿನ ಉದ್ದ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಸೆಂಟಿಮೀಟರಿಗೆ ನಿಂತುಬಿಡುತ್ತಿತ್ತು. ಕುರಮೊಚಿಯಂಥವನು ಅರ್ಧ ದಿನ ಸಿಗರೇಟು ಸೇದುತ್ತಾ ಕೂತು ಎದ್ದು ಹೋಗಿ ಶಾಕು ಹಿಡಿದು ತರುತ್ತಿದ್ದ. ಹೊಳೆಗೆ ನ್ಯಾಯ ಗೀಯ ಇಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಒಂದು ಸಂಜೆ ಅವರು ಮೀನೊಂದನ್ನು ತಂದು ಮಾತಿಲ್ಲದೆ ಹಲಗೆಯ ಮೇಲಿಟ್ಟರು. ನಾನು ಅಳೆದೆ. ಮೂವತ್ತರ ಮೇಲೆ ಒಂದು ಮಿಲ್ಲಿ. ಇನ್ನೊಮ್ಮೆ ಅಳೆದೆ, ಅದೇ. ಅಪ್ಪ ತೀರಿಕೊಂಡು ಆಗ ಆರು ತಿಂಗಳು, ನನ್ನ ಮನಸ್ಸು ಇನ್ನೂ ಹಸಿಯಾಗಿತ್ತು. ಅವರ ಮುಖ ನೋಡಲಾಗಲಿಲ್ಲ. ಕುರಮೊಚಿಯೂ ಪಕ್ಕದಲ್ಲಿದ್ದ.

"ಬರ್ಕೊಂಬಿಡು ಸುಮಿ. ದೇಶ ಎಲ್ಲ ಮೂವತ್ತಕ್ಕೇ ಶಾಕು ಅನ್ನುತ್ತೆ, ನಮ್ಮದೊಂದು ಹಟ" ಎಂದ ಅವನು.

ನಾನು ಕುಂಚ ಎತ್ತಿದೆ. "ತೊಮೆಸಾನ್, ಎರಡು ಮಿಲ್ಲಿ ಯಾರ ಕಣ್ಣಿಗೆ ಕಾಣುತ್ತೆ? ಸರಿಯಾಗಿ ಒಂದು ಶಾಕು ಅಂತ ಬರೀತೀನಿ."

ಅವರು ಮೀನನ್ನು ಬಾಲ ಹಿಡಿದು ಎತ್ತಿಕೊಂಡರು. ಅಷ್ಟು ಸಿಟ್ಟಾದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

"ನಿಮ್ಮಪ್ಪ ಸತ್ತು ಆರು ತಿಂಗಳಾಗಿಲ್ಲ, ಆಗಲೇ ಹಲಗೆ ಸಡಿಲ ಆಯ್ತಾ? ಎರಡು ಮಿಲ್ಲಿ ಕಮ್ಮಿ ಚಾಪೆ ಹಾಸಿ ನೋಡು, ಮನೆ ತುಂಬ ಸಂದಿ ಬೀಳುತ್ತೆ. ಶಾಕು ಅಂದ್ರೆ ಶಾಕು."

ಹೋಗಿ ಆ ಮೀನನ್ನು ಉಪ್ಪು ಹಚ್ಚಿ ಸುಟ್ಟು ತಿಂದರಂತೆ, ತಲೆಯಿಂದ ಬಾಲದವರೆಗೆ. ಅವತ್ತಿನಿಂದ ನಾನು ಯಾರಿಗೂ ಕೂದಲೆಳೆಯಷ್ಟೂ ಬಿಟ್ಟುಕೊಟ್ಟಿಲ್ಲ. ಸುಮಿ ಕಲ್ಲು ಎನ್ನುತ್ತಾರೆ ಜನ. ಎನ್ನಲಿ. ನನ್ನನ್ನು ಕಲ್ಲು ಮಾಡಿದವರು ಅವರೇ.

ಕಳೆದ ಚಳಿಗಾಲದಲ್ಲಿ ಅವರ ಹೊಟ್ಟೆಯೊಳಗೆ ಗಡ್ಡೆ ಎಂದು ಗೊತ್ತಾಯಿತು. ಪೇಟೆಯ ಡಾಕ್ಟರು ವಿಷಯವನ್ನು ಸುತ್ತಿ ಬಳಸಿ ಹೇಳುತ್ತಿದ್ದರಂತೆ, ಇವರು ನಡುವೆ ಬಾಯಿ ಹಾಕಿ, "ಜೂನ್ ಒಂದನೇ ತಾರೀಖಿಗೆ ಇರ್ತೀನಾ?" ಎಂದರಂತೆ. ಇರುತ್ತೀರಿ ಎಂದರು ಡಾಕ್ಟರು. "ಅಕ್ಟೋಬರ್ ಕೊನೆಗೆ?" ಡಾಕ್ಟರು ಕಾಗದ ನೋಡುತ್ತಾ ಕೂತರು. "ಹಾಗಾದ್ರೆ ಸಾಕು" ಎಂದು ಎದ್ದು ಬಂದರಂತೆ. ಈ ವರ್ಷವೂ ಆರಕ್ಕೆ ಬಂದರು. ಡಬ್ಬಿ ಎತ್ತಲು ಆಗುತ್ತಿರಲಿಲ್ಲ, ನಾನು ದಡದವರೆಗೆ ಹೊತ್ತುಕೊಡುತ್ತಿದ್ದೆ. ಬೈದುಕೊಂಡೇ ಕೊಡುತ್ತಿದ್ದೆ. "ಮನೇಲಿ ಬಿದ್ಕೊಳ್ಳೋಕೆ ಏನು ಧಾಡಿ ನಿಮಗೆ? ಈ ನೀರು ಎಷ್ಟು ತಣ್ಣಗಿದೆ ಗೊತ್ತಾ?" "ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಸುಮಿ" ಎನ್ನುತ್ತಿದ್ದರು. ಅಳಿಯನ ಮಾತನ್ನು ನಾನು ಈ ವರ್ಷ ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ಇಷ್ಟು ಆ ಬೆಳಿಗ್ಗೆಯ ಮೊದಲಿನ ಕಥೆ. ಈಗ ಪೆಟ್ಟಿಗೆಯ ಪಕ್ಕಕ್ಕೆ ಬರೋಣ.

ನಾನು ಯೊಶಿನೊಗೆ, "ಅಕ್ಕಾ, ಮೀನಿಲ್ಲದೆ ಕಾಗದ ಹೇಗೆ ಮಾಡಲಿ?" ಎಂದೆ. ಮೆಲ್ಲಗೇ ಹೇಳಿದೆ.

"ಮೀನು ಇತ್ತು" ಎಂದರು ಯೊಶಿನೊ. "ಹಿಡಿದಿದ್ರು. ಸೆಪ್ಟೆಂಬರ್ ಹನ್ನೆರಡು, ಗುರುವಾರ. ನಾನು ಮನೇಲಿರ್ಲಿಲ್ಲ, ಮದ್ದು ತರೋಕೆ ಪೇಟೆಗೆ ಹೋಗಿದ್ದೆ. ಸಂಜೆ ಬಂದು ನೋಡಿದ್ರೆ ಒದ್ದೆ ಬೂಟಲ್ಲೇ ಮೆಟ್ಟಿಲ ಮೇಲೆ ಕೂತಿದ್ದಾರೆ. ಏನಾಯ್ತು ಅಂದೆ. ಬಂದಿತ್ತು, ಕಳಿಸಿಬಿಟ್ಟೆ ಅಂದ್ರು."

ಹಸುಬಂಡೆಯ ಕೆಳಗಿನ ಮಡುವಿನಲ್ಲಂತೆ. ಕೋಲು ಬಗ್ಗಿದ ರಭಸಕ್ಕೇ ಗೊತ್ತಾಯಿತಂತೆ. ಆ ಮೈಯಲ್ಲಿ ಅಷ್ಟು ದೊಡ್ಡದನ್ನು ಎಳೆದು ತರಲು ಕಾಲು ಗಂಟೆ ಬೇಕಾಯಿತು. ಬಲೆಗೆ ಹಾಕಿ, ಮಂಡಿಯೂರಿ, ನೀರಿನೊಳಗೇ ಅದನ್ನು ಕೋಲಿನ ಬುಡಕ್ಕೆ ಸೇರಿಸಿ ಹಿಡಿದು ನೋಡಿದರು. ಅಲ್ಲಿ ಒಂದು ಶಾಕಿಗೆ ಗುರುತು ಕೊರೆದಿಟ್ಟಿದ್ದರು, ತಮ್ಮ ಚಾಪೆ ಅಂಗಡಿಯ ಅಳತೆಕೋಲಿಗೆ ಹೊಂದಿಸಿ. ಮೂತಿ ಒಂದು ತುದಿಗೆ, ಬಾಲ ಸರಿಯಾಗಿ ಗುರುತಿಗೆ.

"ಆಮೇಲೆ?" ಎಂದ ಕುರಮೊಚಿ. ಅವನು ಕುತ್ತಿಗೆ ಚಾಚಿಕೊಂಡು ಕೇಳುತ್ತಿದ್ದ.

"ಆಮೇಲೆ ಇವರಿಗೆ ಖುಷಿ ಆಯ್ತಂತೆ. ಹೇಗೆ ಸುಮಿ ಅಂಗಡಿ ಮೆಟ್ಟಿಲು ಹತ್ತಲಿ, ಏನು ಹೇಳಲಿ ಅಂತ ಯೋಚನೆ ಮಾಡ್ತಾ ಇದ್ರಂತೆ. ಕೈ ಅದರ ಪಾಡಿಗೆ ಮೂಗುಬಳೆ ತೆಗೆದು ಆ ಮೀನಿನ ಮೂಗಿಗೆ ಹಾಕಿಬಿಡ್ತು. ಹೊಳೆಗೆ ಬಿಟ್ಟುಬಿಡ್ತು. ದಾರ ಬಿಗಿಯಾದ ಮೇಲೆ ಗೊತ್ತಾಯ್ತಂತೆ ಏನು ಮಾಡಿದೆ ಅಂತ."

ಕೋಣೆಯಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ "ಅಯ್ಯಯ್ಯೋ" ಎಂದರು. ಅಯು ಹಿಡಿಯುವ ಯಾರಿಗಾದರೂ ಕರುಳು ಹಿಂಡುವಂಥ ಮಾತು ಅದು. ಸಾವಿರಾರು ಸಲ ಮಾಡಿದ ಕೆಲಸವನ್ನು ಕೈ ಇನ್ನೊಂದು ಸಲ ಮಾಡಿತು, ಅಷ್ಟೆ. ಆ ಮೀನು ರಭಸದ ನೀರಿಗೆ ಇಳಿದು, ಬಂಡೆಯ ಅಂಚಿಗೆ ದಾರ ಉಜ್ಜಿ, ಮೂಗುಬಳೆಯ ಸಮೇತ ಹೋಯಿತು.

"ಅವರು ಬೈಕೊಳ್ಳಲಿಲ್ಲ" ಎಂದರು ಯೊಶಿನೊ. "ನಾನು ಮಾಡಲಿಲ್ಲ, ಕೈ ಮಾಡ್ತು ಅಂತ ಎರಡು ಸಲ ಹೇಳಿ ಹೋಗಿ ಮಲಗಿದ್ರು. ಆಮೇಲೆ ಆ ಮಾತು ಎತ್ತಲೇ ಇಲ್ಲ."

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕುರಮೊಚಿ ಮೂಗಿನಲ್ಲಿ ಗಾಳಿ ಬಿಟ್ಟು, ಅಂಗಡಿ ಬೆಂಚಿನ ಮೇಲೆ ದಿನಾ ಹೇಳುವ ಮಾತನ್ನೇ ಇಲ್ಲೂ ಹೇಳಿದ.

"ತಪ್ಪಿಸಿಕೊಂಡ ಮೀನೆಲ್ಲ ಒಂದು ಶಾಕೇ ಬಿಡಿ."

ಕೆಟ್ಟವನಲ್ಲ ಅವನು. ನಾಲಿಗೆಗೆ ರೂಢಿಯಾದದ್ದು ಜಾರಿತು. ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕೂಬಿಟ್ಟರು, ಮರುಕ್ಷಣ ತಲೆ ತಗ್ಗಿಸಿದರು. ಕುರಮೊಚಿಯ ಕಿವಿ ಕೆಂಪಾಯಿತು. ಯೊಶಿನೊ ಪೆಟ್ಟಿಗೆಯ ಅಂಚು ಹಿಡಿದು ನಿಂತಿದ್ದರು, ಸುಳ್ಳು ಹೇಳಿ ಸಿಕ್ಕಿಬಿದ್ದ ಹೆಂಗಸಿನ ಹಾಗೆ. ಐವತ್ತು ವರ್ಷ ಆ ಗಂಡನ ಒದ್ದೆ ಬಟ್ಟೆ ಒಗೆದು ಒಣಗಿಸಿದ ಹೆಂಗಸು.

"ನಾನು ನೋಡಿದೆ" ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಲ್ಲರೂ ನನ್ನ ಕಡೆ ತಿರುಗಿದರು.

"ಏನು ನೋಡಿದೆ?" ಎಂದ ಕುರಮೊಚಿ.

"ಆ ಮೀನು ನೋಡಿದೆ. ಗುರುವಾರ ಅಂಗಡಿಗೆ ರಜೆ, ಸೊಪ್ಪು ಕೀಳೋಕೆ ಸೇತುವೆ ಕೆಳಗೆ ಇಳಿದಿದ್ದೆ. ಹಸುಬಂಡೆ ಹತ್ತಿರಾನೇ. ತೊಮೆಸಾನ್ ಅದನ್ನ ಕೋಲಿಗೆ ಹಿಡಿದು ಅಳೆದಿದ್ದೂ ನೋಡಿದೆ, ಬಿಟ್ಟಿದ್ದೂ ನೋಡಿದೆ."

"ಮತ್ತೆ ಇಷ್ಟು ದಿನ ಬಾಯಿ ಬಿಡಲಿಲ್ಲ?"

"ಕಳಕೊಂಡು ನಿಂತ ಮನುಷ್ಯನ ಎದುರಿಗೆ ಹೋಗಿ, ನೋಡ್ದೆ ನೋಡ್ದೆ ಅಂತ ಕುಣೀಬೇಕಿತ್ತಾ? ನೀನಾಗಿದ್ರೆ ಕುಣೀತಿದ್ದೆ."

"ಎಷ್ಟಿತ್ತು?"

"ಒಂದು ಶಾಕು. ಕೂದಲೆಳೆ ಜಾಸ್ತಿ ಇಲ್ಲ, ಕೂದಲೆಳೆ ಕಮ್ಮಿ ಇಲ್ಲ."

"ದಡದಿಂದ ನೋಡಿ ಹೇಗೆ ಹೇಳ್ತೀಯ?"

"ನಲವತ್ತು ವರ್ಷ ನಿಮ್ಮೆಲ್ಲರ ಮೀನು ಅಳೆದಿದ್ದೀನಿ. ನಿನ್ನ ಐದರಲ್ಲಿ ಯಾವುದಕ್ಕಾದ್ರೂ ನನ್ನ ಕಣ್ಣು ತಪ್ಪಿದೆಯಾ ಹೇಳು, ಈಗಲೇ ಹೋಗಿ ಕೀಳ್ತೀನಿ."

ಕುರಮೊಚಿ ಎರಡು ಹೆಜ್ಜೆ ಮುಂದೆ ಬಂದು ತೊಮೆಕಿಚಿಯವರಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, "ತಪ್ಪಾಯ್ತು ತೊಮೆಸಾನ್" ಎಂದ.

ಈಗ ನಿಜ ಹೇಳುತ್ತೇನೆ. ಸೆಪ್ಟೆಂಬರ್ ಹನ್ನೆರಡಕ್ಕೆ ನಾನು ದಡದಲ್ಲಿರಲಿಲ್ಲ, ಊರಿನಲ್ಲೇ ಇರಲಿಲ್ಲ. ಕಣ್ಣಿಗೆ ಪೊರೆ ಬಂದಿದೆಯೇನೋ ಎಂದು ತೋರಿಸಲು ಏಳೂ ಹತ್ತರ ಬಸ್ಸಿಗೆ ಪೇಟೆಗೆ ಹೋಗಿದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನು, ನನ್ನ ಪಕ್ಕದಲ್ಲಿ ಯೊಶಿನೊ. ಸಂಜೆ ಒಟ್ಟಿಗೇ ವಾಪಸು ಬಂದೆವು. ನನ್ನ ಮಾತು ಸುಳ್ಳು ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನ್ನ ಬಿಟ್ಟರೆ ಅವರೊಬ್ಬರಿಗೇ. ಸುಳ್ಳು ಹೇಳುವಾಗ ಅದು ನನಗೆ ನೆನಪೇ ಆಗಿರಲಿಲ್ಲ. ಹೇಳಿ ಮುಗಿಸಿ ಅವರ ಮುಖ ನೋಡಿದಾಗ ನೆನಪಾಯಿತು.

ಯೊಶಿನೊ ಒಂದು ಕ್ಷಣ ನನ್ನನ್ನೇ ನೋಡಿದರು.

"ಹೌದು" ಎಂದರು. "ಅವತ್ತು ಸುಮಿಸಾನ್ ನನಗೂ ಒಂದು ಹಿಡಿ ಸೊಪ್ಪು ತಂದು ಕೊಟ್ಟಿದ್ರು. ಸಾರು ಮಾಡಿದ್ದೆ."

ನಾನು ಎದ್ದು ಅಂಗಡಿಗೆ ಹೋದೆ. ಇನ್ನೂರು ಹೆಜ್ಜೆ ದೂರ. ಕುರಮೊಚಿ ಹಿಂದೆಯೇ ಓಡಿಬಂದ. ಅವನ ಫ್ರಿಜ್ಜಿನಲ್ಲಿ ಈ ವರ್ಷದ ದೊಡ್ಡ ಮೀನೊಂದು ಗಟ್ಟಿಯಾಗಿ ಕೂತಿದೆಯಂತೆ, ಅದನ್ನು ಕರಗಿಸಿ ಅಚ್ಚು ತೆಗೆದರೆ ಹೇಗೆ ಎಂದ. ಪಾಪ, ಅವನಿಗೂ ಏನಾದರೂ ಮಾಡಬೇಕಿತ್ತು.

"ಬೇರೆಯವನ ಮೀನನ್ನ ಅವರ ಎದೆ ಮೇಲೆ ಇಡ್ತೀಯಾ? ಅಲ್ಲೇ ಎದ್ದು ಕೂತು ಬೈತಾರೆ, ನೋಡ್ತಿರು" ಎಂದೆ.

ಕಾಗದದ ನಡುಭಾಗವನ್ನು ಖಾಲಿ ಬಿಟ್ಟೆ. ಅಂಚಿನಲ್ಲಿ ಬರೆದೆ: ಕುರುಸೆ ಹೊಳೆ, ಹಸುಬಂಡೆ ಮಡು, ಸೆಪ್ಟೆಂಬರ್ ಹನ್ನೆರಡು. ಒಂದು ಶಾಕು. ಹಿಡಿದವರು ಕಜಿತಾನಿ ತೊಮೆಕಿಚಿ. ಕಂಡವಳು ಸುಮಿ. ಬರೆದು ಮುಗಿಸಿ ಅಪ್ಪನ ಮುದ್ರೆ ಒತ್ತಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಒಂದು ಸುಳ್ಳು ಹೇಳಿ ಒಬ್ಬರನ್ನು ಕಳಿಸಿಕೊಡುತ್ತಿದ್ದೇನೆ, ಅಪ್ಪ ಕ್ಷಮಿಸಲಿ ಎಂದುಕೊಂಡೆ. ಆದರೆ ಆ ಮೀನು ಸುಳ್ಳು ಎಂದು ನನಗೆ ಒಂದು ಗಳಿಗೆಯೂ ಅನ್ನಿಸಿರಲಿಲ್ಲ. ಸುಳ್ಳು ಹೇಳುವವನು ದಾರ ಹರಿಯಿತು ಎನ್ನುತ್ತಾನೆ, ಕಲ್ಲಿಗೆ ಸಿಕ್ಕಿತು ಎನ್ನುತ್ತಾನೆ. ಸ್ವಂತ ಕೈಯಿಂದ ಮೂಗುಬಳೆ ಹಾಕಿ ಬಿಟ್ಟೆ ಎಂದು ಯಾವ ಗಂಡಸೂ ಹೆಂಡತಿಯ ಎದುರು ಕಟ್ಟಿ ಹೇಳುವುದಿಲ್ಲ.

"ಇನ್ನೊಂದು ಬರಿ, ಗೋಡೆಗೆ" ಎಂದ ಕುರಮೊಚಿ. "ನೀನು ಕಣ್ಣಾರೆ ಕಂಡಿದ್ದೀಯ. ಕಟ್ಟಳೆ ಪ್ರಕಾರ ನಲವತ್ತೆರಡನೇದು."

"ಗೋಡೆಗೆ ಬೇಡ" ಎಂದೆ.

"ಯಾಕೆ?"

"ಬೇಡ ಅಂದ್ರೆ ಬೇಡ."

ಕಾಗದವನ್ನು ಮಡಚದೆ ಒಯ್ದು ಯೊಶಿನೊ ಕೈಗೆ ಕೊಟ್ಟೆ. ಅವರು ಅದನ್ನು ಗಂಡನ ಕೈಗಳ ಕೆಳಗೆ ಇಟ್ಟರು. ಬಿಳಿ ಕೈಗವಸಿನ ಮನುಷ್ಯ ಬಗ್ಗಿ ನೋಡಿ, ಇದಾಗುತ್ತದೆ ಎಂದು ತಲೆಯಾಡಿಸಿದ. ಪೆಟ್ಟಿಗೆ ಮುಚ್ಚಿದರು.

ಸುಡುವ ಮನೆಯಲ್ಲಿ ಒಂದೂವರೆ ಗಂಟೆ ಕಾಯಬೇಕು. ಚಹಾ ಕೊಟ್ಟರು, ಅನ್ನದುಂಡೆ ಕೊಟ್ಟರು. ಗಂಡಸರು ಆಚೆ ಹೋಗಿ ಸಿಗರೇಟು ಹಚ್ಚಿ, ಹಸುಬಂಡೆಯ ಮಡುವಿನಲ್ಲಿ ಯಾವ ಕಲ್ಲಿನ ಹತ್ತಿರ ಇದ್ದಿರಬಹುದು ಎಂದು ವಾದ ಮಾಡುತ್ತಿದ್ದರು. ಕುರಮೊಚಿ ಎಲ್ಲರಿಗಿಂತ ಜೋರಾಗಿ ತೊಮೆಕಿಚಿಯವರ ಪರ ವಹಿಸಿ ಮಾತಾಡುತ್ತಿದ್ದ. ಯೊಶಿನೊ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಚಹಾದ ಬಟ್ಟಲು ತಿರುಗಿಸುತ್ತಾ ಹೇಳಿದರು.

"ಅವತ್ತು ಬಸ್ಸಲ್ಲಿ ನೀವು ಕೊಟ್ರಲ್ಲ ಕಿತ್ತಳೆ. ತುಂಬಾ ಹುಳಿ ಇತ್ತು."

"ಹುಳಿ ಅಂತ ನನಗೂ ಗೊತ್ತಿತ್ತು. ಅದಕ್ಕೇ ನಿಮಗೆ ಕೊಟ್ಟಿದ್ದು."

ಇಬ್ಬರಿಗೂ ನಗು ಬಂತು. ಅಂಥ ಜಾಗದಲ್ಲಿ ನಗಬಾರದು ಎಂದು ಬಾಯಿಗೆ ಕರವಸ್ತ್ರ ಹಿಡಿದುಕೊಂಡೆವು.

ನಗು ನಿಂತ ಮೇಲೆ ಯೊಶಿನೊ ತಗ್ಗಿದ ದನಿಯಲ್ಲಿ ಹೇಳಿದರು. "ಅವತ್ತು ರಾತ್ರಿ ನಾನು ಅವರಿಗೆ ಹೇಳಿದೆ, ನಾಳೆ ಹೋಗಿ ಸುಮಿಗೆ ಹೇಳಿ ಅಂತ. ಬೇಡ ಅಂದ್ರು. ಯಾಕೆ, ನಂಬಲ್ವಾ ಅವಳು ಅಂದೆ."

"ಏನಂದ್ರು?"

"ನಂಬ್ತಾಳೆ ಅಂದ್ರು. ಕಲ್ಲಿನ ಹಾಗೆ ಇರ್ತಾಳೆ ಅಷ್ಟೆ, ನಾನು ಹೇಳಿದ್ರೆ ಹಲಗೆ ಗಿಲಗೆ ಏನೂ ನೋಡದೆ ಬರೆದುಬಿಡ್ತಾಳೆ, ಪಾಪ ಅವಳಿಗೆ ಯಾಕೆ ಆ ಕಷ್ಟ ಅಂದ್ರು."

ಮೂರು ದಿನದಿಂದ ನಾನು ಅತ್ತಿರಲಿಲ್ಲ. ಆಗ ಅಳು ಬಂತು, ತಡೆಯಲಾಗಲಿಲ್ಲ. ಯೊಶಿನೊ ತಮ್ಮ ಕರವಸ್ತ್ರವನ್ನೂ ಕೊಟ್ಟರು. ಅಷ್ಟರಲ್ಲಿ ಬಾಗಿಲಿಗೆ ಆ ಬಿಳಿ ಕೈಗವಸಿನ ಮನುಷ್ಯ ಬಂದು ಮೂಳೆ ಆಯಲು ಕರೆದ. ಇಬ್ಬರೂ ಎದ್ದು ಹೋದೆವು.